ನೆಲಕ್ಕೆ ಬಿದ್ದ ಸೋಮನ ಮಕ

ನನ್ ಮಗಳು ಮಂಡ್ಯದಿಂದ ಆಡೋ ಕಾರ್ಡು ತಂದವ್ಳೆ. ಇಸ್ಪೀಟಲ್ಲ, ಮಾಯಾಲೋಕದಲ್ಲಿ ರಾಕ್ಷಸ್ರು ಯುದ್ಧ ಮಾಡೋ ಆಟ. ಆರನೇ ಕ್ಲಾಸಿಗೇ ಸ್ಕೂಲ್ ಬುಟ್ಟ ನಂಗೆ ಅದ್ರ ಲೆಕ್ಕ ಒಂದೂ ತಿಳೀನಿಲ್ಲ. ಆದ್ರೆ ಒಂದು ಕಾರ್ಡಲ್ಲಿದ್ದ ಮಕ ಮಾತ್ರ ಗುರ್ತು ಸಿಕ್ತು. ಕೆಂಪು ಬಣ್ಣ, ದಪ್ಪ ಕಣ್ಣುಗುಡ್ಡೆ, ಕೋರೆಹಲ್ಲು. ಮಾರಮ್ಮನ ಹಬ್ಬದಲ್ಲಿ ನಮ್ ತಾತ ಹೊತ್ಕಂಡು ಕುಣೀತಿದ್ದ, ಅಮ್ಮನ ಬಂಟ ಸೋಮನ ಮಕಾನೇ ಅದು.

ಹಬ್ಬ ಹತ್ರ ಬಂತು ಅಂದ್ರೆ ತಾತ ಆ ಮರದ ಮಕಾನ ಅಟ್ಟದಿಂದ ಇಳ್ಸಿ, ಅರಿಶ್ನದ ನೀರಲ್ಲಿ ಒರ್ಸಿ, ಅಕ್ಕಿ ತುಂಬಿದ ಮೊರದ ಮೇಲೆ ಕೂರ್ಸೋನು. ನೆಲ ಮುಟ್ಟುಸ್ತಿರ್ನಿಲ್ಲ. ಅದು ಕೆಳಗಿದ್ದಷ್ಟು ದಿನ ಚಪ್ಲಿ ಮೆಟ್ತಿರ್ನಿಲ್ಲ, ಬೀಡಿ ಸೇದ್ತಿರ್ನಿಲ್ಲ, ಅಜ್ಜೀನ ಬೈತಾನೂ ಇರ್ನಿಲ್ಲ. ಅಜ್ಜಿ ನನ್ ಕಿವೀಲಿ, "ಸೋಮಪ್ಪ ವರ್ಸ ಪೂರ್ತಿ ಕೆಳಗೇ ಇರ್ಲಿ ಕಣ್ಲಾ ಮಗ, ನಂಗೂ ವಸಿ ನೆಮ್ದಿ" ಅನ್ನೋಳು.

"ಅಪ್ಪ, ಇವ್ನು ಊರು ಸುಡೋ ರಾಕ್ಷಸ" ಅಂತ ಮಗಳು ಕಾರ್ಡ್ನ ನೆಲಕ್ಕೆ ಬಡುದ್ಲು. ನಾನು ತಟ್ಟಂತ ಎತ್ಕಂಡೆ.

"ಊರು ಕಾಯೋನು ಕಣವ್ವ ಇವ್ನು. ನಿನ್ ಮುತ್ತಾತ ಇವ್ನ ಮಕಾನೇ ಹೊತ್ಕಂಡು ಕುಣೀತಿದ್ದ."

"ಅಂಗಾರೆ ನಿಜವಾದ್ದು ಎಲ್ಲದೆ?"

ತಾತ ತೀರ್ಕಂಡ ಮೇಲೆ, ಬೆನ್ನು ನೋವು ಅಂತ ನೆಪ ಹೇಳ್ಕಂಡು ನಾನು ಒಂದ್ಸಲಾನೂ ಸೋಮನ್ನ ಹೊರ್ನಿಲ್ಲ. ಅವ್ನೀಗ ಕೊಟ್ಟಿಗೆ ಅಟ್ಟದ ಮೇಲೆ ಈರುಳ್ಳಿ ಚೀಲದ ಹಿಂದೆ ಬಿದ್ದವ್ನೆ. ಕಾರ್ಡು ಮಾಡ್ದೋರಿಗೆ ಅವ್ನು ಯಾರು ಅಂತ ಗೊತ್ತಿರ್ನಿಲ್ಲ. ನಂಗೆ ಗೊತ್ತಿತ್ತು.

"ಮೊರಕ್ಕೆ ಅಕ್ಕಿ ಆಕವ್ವ" ಅಂದು, ಚಪ್ಲಿ ಬುಟ್ಟು ಏಣಿ ಹತ್ತುದೆ.