ನೀಲಿ ಪಟ್ಟಿಯ ನಾಯಿ

"ಮೇಡಂ, ನಿಮ್ ಬೀದಿ ನಾಯಿಗಳ ಕುತ್ತಿಗೆಗೆ ನೀಲಿ ಬಟ್ಟೆ ಕಟ್ಟಿದ್ರಂತೆ, ನಮ್ ಹುಡುಗಿ ಹೇಳ್ತಿದ್ಲು. ಅದ್ರಲ್ಲೊಂದು ಇಲ್ಲೈತೆ ಕಣ್ರೀ."

ಕಳೆದ ಭಾನುವಾರ ಬೆಳಿಗ್ಗೆ ಫೋನ್ ಮಾಡಿದವರು ಸಿದ್ದಪ್ಪ. ಅಜ್ಜಂಪುರದ ಕಡೆ ಕುರಿ ಮೇಯಿಸುತ್ತಾರೆ. ಮಗಳು ನನ್ನ ವಿದ್ಯಾರ್ಥಿನಿ. 'ಇಲ್ಲಿ' ಅಂದರೆ ಅವರೂರಿನ ಪಕ್ಕದ ಕಾವಲು. ಹಿಂದೆ ಅಮೃತಮಹಲ್ ದನಗಳಿಗೆಂದು ಬಿಟ್ಟಿದ್ದ ಹುಲ್ಲುಗಾವಲು, ಈಗ ಕೃಷ್ಣಮೃಗಗಳೂ ಅಲ್ಲೇ ಇವೆ. ನಾಯಿ ಅಲ್ಲಿಗೆ ಹೇಗೆ ಹೋಯಿತು ಎಂದು ನಾನು ಯಾರನ್ನೂ ಕೇಳಬೇಕಾಗಿರಲಿಲ್ಲ.

ಎರಡು ತಿಂಗಳ ಹಿಂದಿನ ಮಾತು. ಕಡೂರಿನ ನಮ್ಮ ಬೀದಿಯಲ್ಲಿ ನಾಯಿ ಅಟ್ಟಿಸಿಕೊಂಡು ಬಂದು, ಪಕ್ಕದ ಮನೆಯ ಶಾಂತಮ್ಮ ಬಿದ್ದು ಕೈ ಮುರಿದುಕೊಂಡರು. ಬೀದಿಗೆ ಬೀದಿಯೇ ಸಿಟ್ಟಾಯಿತು. "ನೀವು ಜೀವಶಾಸ್ತ್ರದ ಮೇಡಂ ಅಲ್ವೇನ್ರೀ, ಎಷ್ಟವೆ ಅಂತ ಎಣಿಸ್ಕೊಡಿ" ಅಂದರು. ಎಣಿಸಿದೆ. ಒಂದೇ ನಾಯಿಯನ್ನು ಎರಡು ಸಲ ಲೆಕ್ಕಕ್ಕೆ ತೆಗೆದುಕೊಳ್ಳಬಾರದಲ್ಲ? ಬಿಸ್ಕತ್ತು ತೋರಿಸಿ ಹತ್ತಿರ ಕರೆದು, ರವಿಕೆ ಹೊಲಿಸಿ ಉಳಿದಿದ್ದ ನೀಲಿ ಬಟ್ಟೆಯನ್ನು ಪಟ್ಟಿ ಮಾಡಿ ಕಟ್ಟಿದೆ. ಹನ್ನೊಂದು ನಾಯಿ.

ಮರುದಿನ ಬೀದಿಯವರೇ ಗೂಡ್ಸ್ ಆಟೋ ತಂದರು. ಎಲ್ಲಿ ಬಿಡೋದು? "ಕಾವಲಲ್ಲಿ ಬಿಟ್ರಾಯ್ತು. ಅಲ್ಲಿ ಯಾರಿದಾರೆ?" ಅಂದರು ಶಾಂತಮ್ಮನ ಗಂಡ. ಅಲ್ಲಿ ಯಾರಿದ್ದಾರೆ ಎಂದು ನನಗೆ ಗೊತ್ತಿತ್ತು. ಆದರೂ ತಲೆಯಾಡಿಸಿದೆ. (ಶಾಂತಮ್ಮನ ಕೈಗೆ ಹಾಕಿದ್ದ ಪ್ಲಾಸ್ಟರ್ ಕಟ್ಟು ಕಣ್ಣೆದುರಿಗಿತ್ತು. ಕೃಷ್ಣಮೃಗ ಇರಲಿಲ್ಲ.)

ಅದೇ ವಾರ ಕ್ಲಾಸಿನಲ್ಲಿ ಜೀವಿಸಂಖ್ಯೆಯ ಪಾಠ. ಹುಟ್ಟು ಮತ್ತು ಒಳಬರುವಿಕೆಯಿಂದ ಸಂಖ್ಯೆ ಏರುತ್ತದೆ, ಸಾವು ಮತ್ತು ಹೊರಹೋಗುವಿಕೆಯಿಂದ ಇಳಿಯುತ್ತದೆ. ಉದಾಹರಣೆಗೆ ನಮ್ಮ ಬೀದಿಯನ್ನೇ ಹೇಳಿದೆ, ಅದೂ ಜಂಬದಿಂದ. ಒಂದು ಜಾಗ ಎಷ್ಟು ಜೀವಿಗಳನ್ನು ಸಾಕಬಲ್ಲದೋ ಅದೇ ಅದರ ಧಾರಣ ಸಾಮರ್ಥ್ಯ ಎಂದು ಬೋರ್ಡಿನ ಮೇಲೆ ಬರೆದು ಅಡಿಗೆರೆ ಎಳೆದೆ.

ತಿಂಗಳೊಳಗೆ ಬೀದಿಯಲ್ಲಿ ಎಂಟು ನಾಯಿ. ಯಾವುದಕ್ಕೂ ಪಟ್ಟಿ ಇಲ್ಲ, ಎಲ್ಲಾ ಹೊಸಬರು. ಬಾರದೆ ಏನು ಮಾಡುತ್ತವೆ? ತಿರುವಿನ ಕೋಳಿ ಅಂಗಡಿಯ ಕಸ ಅಲ್ಲೇ ಬೀಳುತ್ತಿತ್ತು, ಕಲ್ಯಾಣ ಮಂಟಪದ ಎಂಜಲೆಲೆಯೂ ಅಲ್ಲೇ. ನಾವು ನಾಯಿಗಳನ್ನು ಸಾಗಿಸಿದೆವು, ಅವುಗಳ ಊಟವನ್ನಲ್ಲ. ಅಡಿಗೆರೆ ಎಳೆದವಳಿಗೆ ಇಷ್ಟು ಹೊಳೆಯಲಿಲ್ಲ ನೋಡಿ.

ಫೋನ್ ಇಟ್ಟವಳೇ ಸ್ಕೂಟರ್ ಹತ್ತಿದೆ. ದಾರಿಯುದ್ದಕ್ಕೂ ಒಂದೇ ಭಯ: ಸಿದ್ದಪ್ಪ ಏನನ್ನೋ ಹೇಳದೆ ಉಳಿಸಿಕೊಂಡಿದ್ದಾರೆ.

ಉಳಿಸಿಕೊಂಡಿದ್ದರು. "ಮೂರು ನಾಯಿ ಗುಂಪು ಕಟ್ಕೊಂಡವೆ. ನೆನ್ನೆ ಒಂದು ಜಿಂಕೆ ಮರಿ ಹಿಡುದ್ವು ಕಣ್ರವ್ವ." ಕೃಷ್ಣಮೃಗದ ತಾಯಿ ಎಳೆಮರಿಯನ್ನು ಹುಲ್ಲಿನಲ್ಲಿ ಮಲಗಿಸಿ ಮೇಯಲು ಹೋಗುತ್ತದೆ. ಮರಿ ಅಲ್ಲಾಡದೆ ಬಿದ್ದಿರುತ್ತದೆ, ಅದಕ್ಕೆ ಗೊತ್ತಿರುವ ರಕ್ಷಣೆ ಅದೊಂದೇ. ನಾಯಿಯ ಮೂಗಿನ ಮುಂದೆ ಅದು ನಡೆಯುತ್ತದೆಯೇ? ದೂರದಲ್ಲಿ ಒಂದು ಹೆಣ್ಣು ಕೃಷ್ಣಮೃಗ ನಿಂತು ಒಂದೇ ಕಡೆ ನೋಡುತ್ತಿತ್ತು. ನನಗೆ ಆ ಕಡೆ ನೋಡಲು ಆಗಲಿಲ್ಲ.

"ಇನ್ನೂ ನಾಕು ಮರಿ ಮಲಗವೆ, ಈ ಹುಲ್ಲೊಳಗೇ" ಅಂದರು ಸಿದ್ದಪ್ಪ.

ಅಷ್ಟರಲ್ಲಿ ಅದು ಬಂತು. ಕುತ್ತಿಗೆಯಲ್ಲಿ ನನ್ನ ರವಿಕೆಯ ನೀಲಿ, ಮಾಸಿ ಬೂದು ಬಣ್ಣಕ್ಕೆ ತಿರುಗಿತ್ತು. ನನ್ನನ್ನು ಕಂಡು ಬಾಲ ಅಲ್ಲಾಡಿಸುತ್ತಾ ಓಡಿ ಬಂತು. ಪಟ್ಟಿ ಹಿಡಿಯಲು ಕೈ ಚಾಚಿದೆ. ಬೆರಳು ಮೂಸಿತು, ಬಿಸ್ಕತ್ತು ಸಿಗಲಿಲ್ಲ, ತಿರುಗಿ ಹುಲ್ಲೊಳಗೆ ಹೊರಟಿತು. ಹೊಟ್ಟೆ ನೆಲ ಮುಟ್ಟುವಷ್ಟು ಇಳಿದಿತ್ತು.

"ದಿನ ತುಂಬೈತೆ" ಅಂದರು ಸಿದ್ದಪ್ಪ.

ನಾಯಿ ಹಿಡಿಯಲು ಬಲ್ಲವರಿಗೆ ಹೇಳಿದ್ದೇನೆ, ಬರುತ್ತೇವೆ ಅಂದಿದ್ದಾರೆ. ಕಸ ಬೀದಿಗೆ ಹಾಕಬೇಡಿ ಎಂದು ಕೋಳಿ ಅಂಗಡಿಯವರಿಗೂ ಕೈ ಮುಗಿದು ಬಂದಿದ್ದೇನೆ. ದಿನವೂ ಸಂಜೆ ಸಿದ್ದಪ್ಪನಿಗೆ ಫೋನ್ ಮಾಡುತ್ತೇನೆ. ನೆನ್ನೆಯವರೆಗೆ ಹುಲ್ಲಿನಲ್ಲಿ ನಾಲ್ಕೂ ಮರಿ ಇದ್ದವು.

ಹೇಳಿ, ಈ ವಾರ ಯಾರ ಮರಿಗಳು ಉಳಿಯಲಿ ಎಂದು ನಾನು ಬೇಡಿಕೊಳ್ಳಲಿ?