ಬರಿಗಾಲಿನ ನಿಮಿಷಗಳು

ದೇವಮಿತ್ರ ಸರ್ ಹೆಡ್‌ಫೋನ್ ಏರಿಸುವ ಮೊದಲು ಚಪ್ಪಲಿ ಬಿಡುತ್ತಿದ್ದರು. ಹಿಮ್ಮಡಿ ಸವೆದ ಕಂದು ಚಪ್ಪಲಿ. ಅದನ್ನು ಮೇಜಿನ ಕೆಳಗೆ ಗೋಡೆಗೆ ಒತ್ತಿ ಜೋಡಿಸಿಟ್ಟು, ಬರಿಯ ಬಲಗಾಲನ್ನು ಪೆಡಲಿನ ಮೇಲೆ ಇಡುವರು. ನಮ್ಮದು ಧ್ವನಿ ಕೇಳಿ ಟೈಪ್ ಮಾಡುವ ಕೆಲಸ. ಪೆಡಲ್ ಒತ್ತಿದರೆ ಮಾತು ಓಡುತ್ತದೆ, ಕಾಲೆತ್ತಿದರೆ ನಿಲ್ಲುತ್ತದೆ. ಉಳಿದ ಹದಿನಾಲ್ಕು ಜನ ಚಪ್ಪಲಿಯಲ್ಲೋ ಶೂಗಳಲ್ಲೋ ಒತ್ತುತ್ತಿದ್ದೆವು. ನಾವು ಕೇಳುತ್ತಿದ್ದುದು ಅಮೆರಿಕದ ಚರ್ಚುಗಳಲ್ಲಿ ಪಾಸ್ಟರುಗಳು ಭಾನುವಾರ ಮಾಡಿದ ಪ್ರಸಂಗಗಳನ್ನು.

"ದೇವರ ವಾಕ್ಯದ ಮ್ಯಾಲೆ ಕೆರ ಇಟ್ಟು ಒತ್ತೂದು ನನ್ನ ಕೈಲೆ ಆಗೂದಿಲ್ಲ ತಂಗಿ" ಎಂದರು, ನಾನು ಕೇಳಿದಾಗ.

ಆದರೆ ಪ್ರಸಂಗದ ನಡುವೆ ಕೆಲವೊಮ್ಮೆ ಅವರ ಕಾಲು ಗೋಡೆಯ ಕಡೆ ತಡಕಾಡಿ ಚಪ್ಪಲಿಯನ್ನು ಮತ್ತೆ ಏರಿಸಿಕೊಳ್ಳುತ್ತಿತ್ತು. ಪಾಸ್ಟರ್ ದೇವರನ್ನು ಬಿಟ್ಟು ಚುನಾವಣೆಗೆ ಬಂದರು ಎಂದು ಆಗ ನಮಗೆಲ್ಲ ಗೊತ್ತಾಗುತ್ತಿತ್ತು.

ನಾನು ಅಲ್ಲಿ ಸೇರಿದ್ದು 2004ರ ಆಗಸ್ಟ್ ಒಂಬತ್ತು, ಸೋಮವಾರ. ಮದ್ರಾಸಿನ ಗಿಂಡಿಯ ಕೈಗಾರಿಕಾ ಎಸ್ಟೇಟಿನಲ್ಲಿ ಒಂದು ಸ್ಕ್ರೂ ಕಾರ್ಖಾನೆಯ ಮೇಲಿನ ಮಹಡಿ. ಬೆಳಗಿನ ಏಳರಿಂದ ನಾಲ್ಕರವರೆಗೆ ಪಾಳಿ, ಮೊದಲ ಮೂರು ತಿಂಗಳು ಪ್ರೊಬೇಷನ್. ನಮ್ಮದು ತಾತನ ಕಾಲದಿಂದ ಮಾಂಬಲದಲ್ಲಿರುವ ಮಾಧ್ವರ ಮನೆ. "ಏಕಾದಶಿ ದಿನಾನೂ ಚರ್ಚೇ ಕೇಳ್ಬೇಕಾ? ವೇರೆ ವೇಲೆ ಸಿಗಲಿಲ್ವಾ ನಿನಗೆ?" ಎಂದು ಅಮ್ಮ ತಮಿಳು ಬೆರೆತ ನಮ್ಮ ಮನೆಮಾತಿನಲ್ಲಿ, ಬೇರೆ ಕೆಲಸವೇ ಸಿಗಲಿಲ್ಲವೇ ಎಂದು ಗೊಣಗಿದರು. ಸಂಬಳ ಬಂದ ಮೇಲೆ ಸುಮ್ಮನಾದರು.

ಕೆಲಸ ಕೊಟ್ಟಿದ್ದು ಅಮೆರಿಕದ ಒಂದು ವಕೀಲರ ಕಚೇರಿ. ಅಲ್ಲಿ ಆ ವರ್ಷ ಅಧ್ಯಕ್ಷರ ಚುನಾವಣೆ. ತೆರಿಗೆ ವಿನಾಯಿತಿ ಪಡೆಯುವ ಚರ್ಚು ಮದುವೆ, ಗರ್ಭಪಾತ, ಯುದ್ಧ ಯಾವುದರ ಬಗ್ಗೆ ಬೇಕಾದರೂ ಮಾತಾಡಬಹುದು. ಇಂಥವರಿಗೆ ಮತ ಹಾಕಿ ಎಂದು ಮಾತ್ರ ಹೇಳುವಂತಿಲ್ಲ. ಹಾಗೆ ಹೇಳಿದವರ ಮೇಲೆ ದೂರು ಕೊಡುವುದು ಆ ವಕೀಲರ ಕೆಲಸ. ಯಾರು, ಎಷ್ಟನೆಯ ನಿಮಿಷದಲ್ಲಿ, ಏನು ಹೇಳಿದರು ಎಂದು ಬರೆದು ಕಳಿಸುವುದು ನಮ್ಮ ಕೆಲಸ. ನಾವು ಟೈಪ್ ಮಾಡಿದ್ದನ್ನು ತಿದ್ದುವ ಎಡಿಟರ್ ದೇವಮಿತ್ರ ಸರ್.

ಅವರು ಗದಗದ ಪಕ್ಕದ ಬೆಟಗೇರಿಯವರು. ಮೂರು ತಲೆಮಾರಿನ ಪ್ರಾಟೆಸ್ಟೆಂಟ್ ಮನೆ, ಅಪ್ಪ ಮಿಷನ್ ಶಾಲೆಯ ಮಾಸ್ತರು. ಮದ್ರಾಸಿಗೆ ಬಂದು ಪ್ಯಾರೀಸ್ ಕಾರ್ನರಿನ ಒಂದು ಹಡಗು ಕಂಪನಿಯಲ್ಲಿ ಮೂವತ್ತೊಂದು ವರ್ಷ ಸ್ಟೆನೋ ಆಗಿದ್ದು ನಿವೃತ್ತರಾದವರು. ಇಷ್ಟು ವರ್ಷ ಇಲ್ಲಿದ್ದರೂ ಅವರ ಮಾತಿಗೆ ತಮಿಳಿನಿಂದ ಹತ್ತಿಕೊಂಡಿದ್ದು 'ಪರವಾಯಿಲ್ಲೈ' ಒಂದೇ. ಆಫೀಸಿನಲ್ಲಿ ಕನ್ನಡ ಬರುತ್ತಿದ್ದುದು ನಮ್ಮಿಬ್ಬರಿಗೇ. ನನ್ನ ಕನ್ನಡ ಕೇಳಿ ಅವರು ನಗುತ್ತಿದ್ದರು. ಅವರ ಕನ್ನಡ ಅರ್ಥವಾಗಲು ನನಗೆ ಎರಡು ವಾರ ಬೇಕಾಯಿತು.

ಅವರು ಮೊದಲ ದಿನ ಕಲಿಸಿದ್ದು ಒಂದೇ ಪಾಠ. "ಮಾತು ಯಾರದು ಅಂತ ಖಾತ್ರಿ ಆಗಲಿಲ್ಲ ಅಂದ್ರ ಆ ಜಾಗಾ ಖಾಲಿ ಬಿಡು. ಖಾಲಿ ಜಾಗಾ ಯಾರನ್ನೂ ಜೇಲಿಗೆ ಹಾಕೂದಿಲ್ಲ."

ನನಗೆ ಎಣಿಸುವ ಚಾಳಿ ಇದೆ. ಹನ್ನೊಂದನೆಯ ವಯಸ್ಸಿನಿಂದ ದಿನಚರಿ ಬರೆಯುತ್ತೇನೆ. ಹತ್ತಿದ ರೈಲು ಎಷ್ಟು ನಿಮಿಷ ತಡ, ತಿಂದ ದೋಸೆ ಎಷ್ಟು, ಎಲ್ಲಕ್ಕೂ ಅದರಲ್ಲಿ ಲೆಕ್ಕವಿದೆ. ಪ್ರಸಂಗಗಳಿಗೂ ಒಂದು ಪುಟ ತೆರೆದೆ. ಆಮೆನ್ ಎಷ್ಟು, ವೋಟ್ ಎಂಬ ಮಾತು ಎಷ್ಟು ಸಲ. ಸರ್ ಅದನ್ನು ನೋಡಿ, "ಆಮೆನ್ ಎಣಸಾಕತ್ತೀಯಲ್ಲ, ದೇವರು ನಿನ್ನ ಹತ್ರ ರಸೀದಿ ಕೇಳ್ಯಾನೇನು?" ಎಂದರು. ಅದೇ ಪುಟದ ಕೆಳಗೆ, ನನ್ನ ಅಂಗೈ ಮುಚ್ಚಿದ್ದ ಕಡೆ, ಅವರು ಬರಿಗಾಲಲ್ಲಿ ಎಷ್ಟು ನಿಮಿಷ, ಚಪ್ಪಲಿಯಲ್ಲಿ ಎಷ್ಟು ನಿಮಿಷ ಎಂಬ ಎರಡು ಸಾಲುಗಳಿದ್ದದ್ದು ಅವರಿಗೆ ಆಗ ತಿಳಿಯಲಿಲ್ಲ.

ಸೆಪ್ಟೆಂಬರಿನಲ್ಲಿ ನನ್ನ ಲೆಕ್ಕ ಕೆಟ್ಟಿತು. ಒಂದು ಪ್ರಸಂಗಕ್ಕೆ ಅವರು ಎಡಗಾಲಿಗೆ ಚಪ್ಪಲಿ ಹಾಕಿ, ಬಲಗಾಲನ್ನು ಬರಿದೇ ಬಿಟ್ಟು ಕೂತರು. ಏನೆಂದು ವಿಚಾರಿಸಿದೆ. "ಕೂಸಿನ ಜೀವಾ ದೊಡ್ಡದು ಅಂತಾನ, ಖರೇ ಅದ. ಅದs ಉಸಿರಿನಾಗ ಯುದ್ಧಾ ದೇವರ ಕೆಲಸಾ ಅಂತಾನ. ನಾ ಯಾವ ಕಾಲು ಹೊರಗಿಡ್ಲಿ?" ನಾನು 'ಒಂದು ಕಾಲು' ಎಂದು ಮೂರನೆಯ ಸಾಲು ಸೇರಿಸಿದೆ. ಮತದಾನ ಹತ್ತಿರವಾದಂತೆ ಆ ಸಾಲೇ ಬೇಗ ತುಂಬತೊಡಗಿತು. ದೇವರೇ ಈ ಅಧ್ಯಕ್ಷರನ್ನು ಆರಿಸಿದ್ದಾನೆ ಎಂದು ಒಬ್ಬ ಪಾಸ್ಟರ್ ಅಂದ ದಿನ ಮಾತ್ರ ಎರಡೂ ಚಪ್ಪಲಿ ಒಟ್ಟಿಗೆ ಏರಿದವು. "ಆರಿಸೂದು ಮುಗದಿದ್ರ ಇವರಿಗೆ ಮತ್ತ ವೋಟು ಯಾಕ ಬೇಕು?" ಎಂದು ಹೆಡ್‌ಫೋನ್ ಕಿತ್ತಿಟ್ಟು ಟೀ ಕುಡಿಯಲು ಹೋದರು.

ನಾನು ತಪ್ಪು ಮಾಡಿದ್ದು ಅಕ್ಟೋಬರ್ ಹತ್ತೊಂಬತ್ತು, ಮಂಗಳವಾರ. ಒಂದು ಸಣ್ಣ ಊರಿನ ಚರ್ಚಿನ ಪ್ರಸಂಗ, ನಲವತ್ತೆಂಟು ನಿಮಿಷ. ಆ ಪಾಸ್ಟರ್ ಕಟ್ಟಾ ಸಂಪ್ರದಾಯವಾದಿ, ಯುದ್ಧವನ್ನು ಹೊಗಳಿದರು, ಎದುರು ಪಕ್ಷದವರ ನೀತಿಗಳನ್ನು ತೆಗಳಿದರು. ಕೊನೆಗೆ, "ಹೆಸರು ನಾನು ಹೇಳುವುದಿಲ್ಲ, ಮನೆಗೆ ಹೋಗಿ ಪ್ರಾರ್ಥಿಸಿ ನೀವೇ ಆರಿಸಿ" ಎಂದು ಆಶೀರ್ವಾದ ಹೇಳಿದರು. ಸ್ವಲ್ಪ ಗದ್ದಲ. ಆಮೇಲೆ ಮೈಕಿನಲ್ಲಿ ಒಂದು ಗಂಡು ದನಿ ಅಧ್ಯಕ್ಷರ ಹೆಸರು ಹಿಡಿದು, ಅವರಿಗೇ ಮತ ಹಾಕಿ, ಕರಪತ್ರಗಳು ಬಾಗಿಲ ಬಳಿ ಇವೆ ಎಂದಿತು. ನಾನು ಅದರ ಮುಂದೆ 'ಪಾಸ್ಟರ್' ಎಂದು ಬರೆದೆ. ನನಗೆ ಅನುಮಾನವೇ ಬರಲಿಲ್ಲ. ನಾನು ಕಂಡದ್ದು ಹರಿಕಥೆ. ಅಲ್ಲಿ ಮಂಗಳ ಹಾಡಿದ ದಾಸರೇ ನಾಳೆಯ ಕಥೆ ಯಾವುದು, ಪ್ರಸಾದ ಯಾರ ಮನೆಯದು ಎಂದೂ ಹೇಳುತ್ತಾರೆ.

ಚುನಾವಣೆಯ ಗಡಿಬಿಡಿಯಲ್ಲಿ ಎಡಿಟರ್ ಮೊದಲ ಹತ್ತು ನಿಮಿಷ ಕೇಳಿದರೆ ಸಾಕು ಎಂದು ಮ್ಯಾನೇಜರ್ ಸೆಲ್ವಂ ಹೇಳಿಬಿಟ್ಟಿದ್ದರು. ನನ್ನ ಪ್ರತಿ ಮಧ್ಯಾಹ್ನ ಒಂದೂ ಹತ್ತಕ್ಕೆ ಹೋಯಿತು. ಮೂರು ಗಂಟೆಗೆ, ಬಿಡುವಿನಲ್ಲಿ, ದೇವಮಿತ್ರ ಸರ್ ಅದರ ಅಚ್ಚುಪ್ರತಿ ಹಿಡಿದು ನನ್ನ ಮೇಜಿಗೆ ಬಂದರು. ಬರಿಗಾಲಲ್ಲೇ ಬಂದರು.

"ಇದು ಯಾರ ಮಾತು ತಂಗಿ?"

"ಪಾಸ್ಟರ್ ತಾನೇ ಸರ್? ಬೇರೆ ಯಾರು ಮಾತಾಡ್ತಾರೆ?"

"ಆಶೀರ್ವಾದ ಕೊಟ್ಟ ಮ್ಯಾಲೆ ಪಾಸ್ಟರ್ ಮೈಕಿನ ಹತ್ರ ನಿಲ್ಲೂದಿಲ್ಲವಾ. ನೆಟ್ಟಗ ಬಾಗಲಕ್ಕ ಹೋಗಿ, ಬಂದವರ ಕೈ ಕುಲುಕ್ತಾನ. ಬೆಟಗೇರ್ಯಾಗೂ ಹಂಗ, ಅಲ್ಲೂ ಹಂಗs. ಬಾ, ಕೇಳೂಣು."

ಒಂದೇ ಹೆಡ್‌ಫೋನಿನ ಎರಡು ಬದಿಗೆ ಇಬ್ಬರೂ ಕಿವಿ ಕೊಟ್ಟೆವು. ಅವರು ಮೂರು ಸಲ ಹಿಂದೆ ಓಡಿಸಿದರು. ನಾಲ್ಕನೆಯ ಸಲ ನನಗೂ ಕೇಳಿತು. ಮೈಕಿನ ದನಿ ಮತ ಕೇಳುತ್ತಿದ್ದಾಗಲೇ, ಬಹಳ ದೂರದಲ್ಲಿ, ಪಾಸ್ಟರ್ ಯಾರಿಗೋ "ತಾಯಿ ಹೇಗಿದ್ದಾರೆ?" ಎಂದು ಕೇಳಿ ನಗುತ್ತಿದ್ದರು. ಹೆಸರು ಹೇಳುವುದಿಲ್ಲ ಎಂದು ಮಾತು ಕೊಟ್ಟು, ಅದರಂತೆ ನಡೆದವರನ್ನು ನಾನು ಸುಳ್ಳುಗಾರ ಮಾಡಿದ್ದೆ. ಆ ಪುಟದ ಮೇಲೆ ಒಂದು ದೂರು ನಿಲ್ಲಬಹುದಿತ್ತು.

ಆಗ ಮೂರೂವರೆ. ವಕೀಲರ ಕಚೇರಿ ತೆರೆಯುವುದು ನಮ್ಮ ಸಂಜೆ ಆರೂವರೆಗೆ.

ಸೆಲ್ವಂ ತಿದ್ದುಪಡಿ ಕಳಿಸಲು ಒಪ್ಪಲಿಲ್ಲ. ಆ ತಿಂಗಳು ಆಗಲೇ ಎರಡು ಹೋಗಿದ್ದವು. ಮೂರನೆಯದು ಹೋದರೆ ಕೆಲಸವೇ ಕೈತಪ್ಪೀತು ಎಂಬ ಭಯ. "ಅವಂಗ ಕೇಟ್ಟಾ ಪಾತ್ತುಕ್ಕಲಾಂ ಸರ್" ಎಂದರು. ವಕೀಲರು ಕೇಳಿದರೆ ನೋಡಿಕೊಳ್ಳೋಣ ಎಂದು. ನನ್ನ ಕಡೆ ತಿರುಗಿ, ಪ್ರೊಬೇಷನ್ ಮುಗಿಯಲು ಇನ್ನು ಮೂರು ವಾರ ಅಲ್ಲವೇ ಎಂದೂ ನೆನಪಿಸಿದರು. ನಾನು ಬಾಯಿ ತೆರೆಯಲಿಲ್ಲ. ಅದನ್ನೂ ದಿನಚರಿಯಲ್ಲಿ ಬರೆದಿದ್ದೇನೆ.

ದೇವಮಿತ್ರ ಸರ್ ಕನ್ನಡದಲ್ಲಿ, ನನಗೆ ಮಾತ್ರ ಎಂಬಂತೆ ಹೇಳಿದರು. "ಆ ಮನಷ್ಯಾನ ಒಂದು ಮಾತೂ ನನಗ ಸೇರೂದಿಲ್ಲ. ಆಂವಾ ಎದುರಿಗೆ ಸಿಕ್ರ ಬೆಳತನ ಜಗಳಾ ಆಡ್ತೀನಿ. ಆದ್ರ ಆಂವಾ ಆಡಿದ ಮಾತಿಗೆ ಜಗಳಾ ಆಡಬೇಕು, ಆಡದ ಮಾತಿಗಲ್ಲ." ಆಮೇಲೆ ಸೆಲ್ವಂಗೆ ಇಂಗ್ಲಿಷಿನಲ್ಲಿ, ನೀವು ಕಳಿಸದಿದ್ದರೆ ಆರೂವರೆಗೆ ನಾನೇ ವಕೀಲರಿಗೆ ಫೋನ್ ಮಾಡುತ್ತೇನೆ ಎಂದರು. ದನಿ ಏರಿಸಲಿಲ್ಲ.

ತಿದ್ದುಪಡಿಯ ಹಾಳೆಯಲ್ಲಿ 'ತಪ್ಪು ಯಾರದು' ಎಂದು ಒಂದು ಕಲಂ ಇತ್ತು. ಅವರು ತಮ್ಮ ಹೆಸರೊಂದನ್ನೇ ಬರೆಯಬಹುದು ಎಂದು ನಾನು ಒಳಗೊಳಗೆ ಆಸೆಪಟ್ಟೆ. "ಟೈಪ್ ಮಾಡಿದಾಕಿ ನೀನು, ನೋಡದs ಬಿಟ್ಟಾಂವ ನಾನು" ಎಂದು ಎರಡೂ ಹೆಸರು ಬರೆದರು. ಮೈಕಿನ ದನಿಯ ಮುಂದಿನ ಜಾಗವನ್ನು ಖಾಲಿ ಬಿಟ್ಟರು. ಹಾಳೆ ಹೋದಾಗ ಐದೂ ಐವತ್ತೆರಡು. ಆಮೇಲೆ ಕೆಳಗೆ ನೋಡಿಕೊಂಡು, ಚಪ್ಪಲಿ ಹುಡುಕಿದರು.

ಮರುದಿನ ಬೆಳಗಿನ ಮಿಂಚಂಚೆಯಲ್ಲಿ ಎರಡು ಸಾಲಿನ ಉತ್ತರ ಬಂದಿತ್ತು. ತಯಾರಾಗುತ್ತಿದ್ದ ದೂರಿನಿಂದ ಆ ಚರ್ಚನ್ನು ಕೈಬಿಟ್ಟಿದ್ದೇವೆ, ಸಮಯಕ್ಕೆ ತಿಳಿಸಿದ್ದಕ್ಕೆ ಕೃತಜ್ಞರು, ಮುಂದಿನ ಎಲ್ಲ ಧ್ವನಿಮುದ್ರಣಗಳೂ ನಿಮಗೇ ಎಂದಿತ್ತು. ಸೆಲ್ವಂ ಅದನ್ನು ಅಚ್ಚು ಹಾಕಿ ಗೋಡೆಗೆ ಅಂಟಿಸಿ, ತಾವೇ ಬರೆದವರಂತೆ ಪಕ್ಕದಲ್ಲಿ ನಿಂತರು. ಹಿಂದಿನ ರಾತ್ರಿ ಊಟ ಇಳಿದಿರಲಿಲ್ಲ ನನಗೆ. ಕ್ಯಾಂಟೀನಿನಲ್ಲಿ ಎರಡು ಪ್ಲೇಟ್ ಪೊಂಗಲ್, ಒಂದು ವಡೆ. ಎದುರಿಗೆ ಕೂತ ಸರ್, "ಮೂರನೇದೂ ತಗೋ, ಬರಕೋಳಾಕ ಒಂದು ಸಾಲು ಆಕ್ಕತಿ" ಎಂದರು. ನವೆಂಬರ್ ಒಂಬತ್ತಕ್ಕೆ ನನ್ನ ಕೆಲಸ ಕಾಯಂ ಆಯಿತು.

2007ರ ಮೇ ತಿಂಗಳಲ್ಲಿ ಅವರು ಬೆಟಗೇರಿಯ ತಂಗಿಯ ಮನೆಗೆ ಹೊರಟರು. ಸೆಂಟ್ರಲ್ ಸ್ಟೇಷನ್ನಿಗೆ ನಾನು ಹೋಗಿದ್ದೆ. ಪುಟಗಳನ್ನು ತೋರಿಸದೆ ಕಳಿಸಲು ಮನಸ್ಸಾಗದೆ, ಬೋಗಿಯ ಕಿಟಕಿಯಲ್ಲಿ ನೋಟ್‌ಬುಕ್ ಕೊಟ್ಟೆ. ಅವರು ಕನ್ನಡಕ ಹಾಕಿ ಮೂರೂ ಸಾಲುಗಳ ಮೇಲೆ ಬೆರಳಾಡಿಸಿದರು.

"ನನ್ನ ಕಾಲು ಎಣಸೀಯಾ?"

"ಹೌದು ಸರ್."

"ಬರಿಗಾಲಿಂದs ಹೆಚ್ಚೈತಲ್ಲ" ಎಂದರು. ಅವರಿಗೆ ಅದು ಗೊತ್ತಿರಲಿಲ್ಲ ಎಂದು ಕಾಣುತ್ತದೆ. ಇನ್ನೊಮ್ಮೆ ಕೂಡಿ ನೋಡಿ, ಪುಸ್ತಕ ಹಿಂತಿರುಗಿಸಿ, ಹಗುರಾದವರಂತೆ ಬೆನ್ನು ಒರಗಿಸಿ ಕೂತರು. "ಪರವಾಯಿಲ್ಲೈ." ರೈಲು ಹೊರಟಾಗ ಮೂರು ನಿಮಿಷ ತಡ.

ಮರುವರ್ಷ ಅಮೆರಿಕದಲ್ಲಿ ಮತ್ತೆ ಚುನಾವಣೆ ಬಂತು. ಮತ್ತೆ ಧ್ವನಿಗಳು ಬಂದವು. ಎಡಿಟರ್ ಮೇಜು ಈಗ ನನ್ನದು. ನಾನು ಪ್ರಸಂಗಗಳನ್ನು ಆಶೀರ್ವಾದದ ಆಚೆಗೂ ಕೇಳುತ್ತೇನೆ, ಬಾಗಿಲ ಬಳಿಯ ಕೈಕುಲುಕಾಟ ಮುಗಿಯುವವರೆಗೆ. ಆಮೆನ್ ಲೆಕ್ಕ ಇದೆ, ವೋಟ್ ಲೆಕ್ಕ ಇದೆ. ಕೆಳಗಿನ ಮೂರು ಸಾಲುಗಳನ್ನೂ ಅಭ್ಯಾಸಬಲದಿಂದ ಪ್ರತಿ ಪುಟದಲ್ಲಿ ಎಳೆಯುತ್ತೇನೆ. ಇಲ್ಲಿ ಸರ್ ಚಪ್ಪಲಿ ಹಾಕುತ್ತಿದ್ದರು, ಇಲ್ಲಿ ಒಂದೇ ಕಾಲು ಎಂದು ಎಷ್ಟೋ ಸಲ ಅನ್ನಿಸುತ್ತದೆ. ಖಾತ್ರಿ ಇಲ್ಲ. ಖಾಲಿ ಬಿಡುತ್ತೇನೆ.