ಸಾಂಬ್ರಾಣಿ ಹೊಗೆಯ ಅತ್ತೆ

ಬೋರಲು ಹಾಕಿದ ಬಿದಿರಿನ ಮಂಕರಿಯ ಮೇಲೆ ಹರಡಿದ ಅರ್ಧ ನರೆತ ಕೂದಲು, ಅದರ ಸಂದಿಯಿಂದ ಎಳೆಯೆಳೆಯಾಗಿ ಮೇಲೇಳುವ ಹೊಗೆ, ಕಣ್ಣು ಕಿರಿದು ಮಾಡಿಕೊಂಡು ಕಾಲು ನೀಡಿ ಕೂತ ಅತ್ತೆ. ಮದುವೆಯಾಗಿ ಹಳೇಬೀಡಿಗೆ ಬಂದ ಮೊದಲ ಶುಕ್ರವಾರ ಹಿತ್ತಲ ಜಗಲಿಯಲ್ಲಿ ನಾನು ಕಂಡದ್ದು ಇದನ್ನು. ಮಂಕರಿಯ ಕೆಳಗೆ ಹಳೇ ಬಾಣಲೆಯಲ್ಲಿ ಕೆಂಡ, ಕೆಂಡದ ಮೇಲೆ ಒಂದು ಚಿಟಿಕೆ ಸಾಂಬ್ರಾಣಿ. ನಾನು ಅರಸೀಕೆರೆಯ ರೈಲ್ವೆ ಸ್ಟೇಷನ್ ಹತ್ತಿರ ಬೆಳೆದವಳು. ತಲೆಗೆ ನೀರು ಹಾಕಿಕೊಂಡರೆ ಫ್ಯಾನಿನ ಕೆಳಗೆ ನಿಂತು ಅಭ್ಯಾಸ. ಬಾಗಿಲಲ್ಲೇ ನಿಂತು ನೋಡುತ್ತಿದ್ದ ನನ್ನನ್ನು ಅವರು ಕರೆದು, ಒದ್ದೆ ಜಡೆ ಬಿಚ್ಚಿಸಿ, ಮಂಕರಿಯ ಇನ್ನೊಂದು ಪಕ್ಕಕ್ಕೆ ಕೂರಿಸಿಕೊಂಡರು. ಬೆನ್ನಿಗೆ ಬೆನ್ನು ಮಾಡಿ ಕೂತ ನಮ್ಮಿಬ್ಬರ ಕೂದಲಿಗೂ ಒಂದೇ ಹೊಗೆ. ಸಂಜೆಯ ಹೊತ್ತಿಗೆ ನನ್ನ ಸೆರಗಿನಲ್ಲೂ ಅವರ ವಾಸನೆಯೇ ಇತ್ತು.

ಅತ್ತೆ ಬರುವ ಮೊದಲೇ ಅವರ ವಾಸನೆ ಬರುತ್ತಿತ್ತು, ಅವರು ಹೋದ ಮೇಲೂ ಒಂದಷ್ಟು ಹೊತ್ತು ಕೂತಿರುತ್ತಿತ್ತು. ಮೊದಲು ಮೂಗಿಗೆ ಸ್ವಲ್ಪ ಘಾಟು ಹೊಡೆದು, ಆಮೇಲೆ ಬೆಲ್ಲ ಕಾಯಿಸಿದ ಹಾಗೆ ಬೆಚ್ಚಗೆ ಇಳಿಯುವ ವಾಸನೆ ಅದು. ಅವರ ಸ್ವಭಾವವೂ ಅಷ್ಟೇ. ನಾನು ಹುಳಿ ಸೀಯಿಸಿದ ದಿನ ಮನೆಯೆಲ್ಲ ಕೇಳುವಂತೆ ಬೈದು, ಆಮೇಲೆ ಆ ಸೀದ ಹುಳಿಯನ್ನೇ ಎರಡನೇ ಸಲ ಬಡಿಸಿಕೊಂಡು ಉಂಡರು. ಸಂತೆಯಲ್ಲಿ ಅವರೆಕಾಯಿ ಮಾರುವವಳ ಜೊತೆ ಜಗಳವಾಡಿ, ಅದೇ ಬಾಯಲ್ಲಿ ಅವಳ ಮಗಳ ಹೆರಿಗೆ ಯಾವಾಗ ಅಂತ ವಿಚಾರಿಸುತ್ತಿದ್ದರು. ಒಮ್ಮೆ ಬೇಲೂರಿನ ಬಸ್ಸಿನಲ್ಲಿ ಪಕ್ಕದ ಹೆಂಗಸು, ಬೆಳಿಗ್ಗೆನೇ ದೇವಸ್ಥಾನಕ್ಕೆ ಹೋಗಿ ಬಂದಿರಾ ಅಂತ ಭಕ್ತಿಯಿಂದ ಕೇಳಿದಳು.

"ಇಲ್ಲ ಕಣವ್ವ, ತಲೆಗೆ ನೀರಾಕ್ಕಂಡಿದ್ದೆ," ಅಂದರು ಅತ್ತೆ.

ಮಗಳು ಹುಟ್ಟಿದಾಗ ಬಾಣಂತನ ಅವರದೇ. ನನ್ನಮ್ಮನಿಗೆ ಮೊದಲಿನಿಂದಲೂ ಉಬ್ಬಸ, ಕೈಲಾಗುತ್ತಿರಲಿಲ್ಲ. ಅತ್ತೆ ನನ್ನನ್ನು ಅರಸೀಕೆರೆಗೆ ಕಳಿಸಲೇ ಇಲ್ಲ. ಕಾಲು ನೀಡಿ ಕೂಸನ್ನು ಮಲಗಿಸಿಕೊಂಡು ಎಣ್ಣೆ ನೀರು ಎರೆದು, ಒರೆಸಿ, ಎರಡು ಕೈಯಲ್ಲಿ ಎತ್ತಿ ಸಾಂಬ್ರಾಣಿ ಹೊಗೆಯ ಮೇಲೆ ತೊಟ್ಟಿಲು ತೂಗಿದಂತೆ ಆಡಿಸುತ್ತಿದ್ದರು. ಅತ್ತು ಅತ್ತು ಕೆಂಪಾದ ಕೂಸು ಆ ಹೊಗೆಯಲ್ಲೇ ನಿದ್ದೆ ಹೋಗುತ್ತಿತ್ತು. ಮಾತು ಬಂದ ಮೇಲೆ ಅಜ್ಜಿಯ ಹಳೇ ಸೀರೆ ಹೊದೆಸದೆ ಮಲಗುತ್ತಿರಲಿಲ್ಲ.

ಮಗಳಿಗೆ ಮೂರು ತುಂಬುವಷ್ಟರಲ್ಲಿ ಎದೆಯಲ್ಲಿ ಗೊರಗೊರ ಶುರುವಾಯಿತು. ಹಾಸನದ ಡಾಕ್ಟರು ನೋಡಿ, ಇದು ನಿಮ್ಮ ತಾಯಿಯ ಕಡೆಯಿಂದ ಬಂದಿರಬಹುದು ಅಂದರು. ಮನೆಯಲ್ಲಿ ಹೊಗೆ ಬೇಡ, ಊದುಬತ್ತಿ ಬೇಡ, ಸೊಳ್ಳೆಬತ್ತಿ ಬೇಡ, ಘಾಟಿನ ಸೆಂಟೂ ಬೇಡ ಅಂತ ಒಂದೊಂದಾಗಿ ಹೇಳಿದರು. ನಾನು ಪ್ರೈಮರಿ ಶಾಲೆಯ ಟೀಚರು. ಮನೆಗೆ ಬಂದು ಅದನ್ನೆಲ್ಲ ಅತ್ತೆಗೆ ತರಗತಿಯಲ್ಲಿ ಹೇಳುವ ಧ್ವನಿಯಲ್ಲೇ ಒಪ್ಪಿಸಿದೆ. ಅವತ್ತು ಶುಕ್ರವಾರ. ಜಗಲಿಯಲ್ಲಿ ಕೆಂಡ ಸಿದ್ಧವಾಗಿತ್ತು. ಅತ್ತೆ ಎದ್ದು, ಚೊಂಬು ನೀರು ತಂದು ಕೆಂಡದ ಮೇಲೆ ಸುರಿದರು. ಮಂಕರಿ ಕೊಟ್ಟಿಗೆಗೆ ಹೋಯಿತು.

"ಕೂಸನ್ನ ಹೊಗೆ ಮ್ಯಾಲೆ ಹಿಡಿದೋಳು ನಾನೇ ಅಲ್ಲೇನವ್ವ," ಅಂದರು.

ನಾನು, ಇದು ನಮ್ಮಮ್ಮನಿಂದ ಬಂದದ್ದು ಅತ್ತೆ, ನಿಮ್ಮಿಂದ ಅಲ್ಲ ಅಂದೆ. ಸಮಾಧಾನಕ್ಕೆ ಹೇಳುತ್ತಿದ್ದೀನಿ ಅಂದುಕೊಂಡರು. ನಿಜಕ್ಕೂ ನನ್ನ ಧ್ವನಿ ಹಾಗೇ ಇತ್ತು. ಮಗುವಿನ ಮೂಗಿಗೆ ಔಷಧಿಯ ಹಬೆಯ ಮಾಸ್ಕ್ ಹಿಡಿದು ಕೂತವಳಿಗೆ ಮತ್ತೊಬ್ಬರ ಸಂಕಟಕ್ಕೆ ಎಷ್ಟು ಗಮನ ಉಳಿದಿರುತ್ತದೆ ಹೇಳಿ.

ಹೊಗೆ ನಿಂತ ಮೇಲೆ ಮಗಳು ಸುಧಾರಿಸಿದಳು, ಅತ್ತೆ ಸೊರಗಿದರು. ಶುಕ್ರವಾರ ಒದ್ದೆ ತಲೆಗೆ ಟವೆಲ್ಲು ಸುತ್ತಿಕೊಂಡು ಸುಮ್ಮನೆ ಕೂತಿರುತ್ತಿದ್ದರು. ಬೈಗುಳ ಕಡಿಮೆಯಾಯಿತು, ನನಗೆ ಅದೇ ತಡೆಯಲಾಗುತ್ತಿರಲಿಲ್ಲ. ತರಬೇತಿಗೆ ಅಂತ ಮೈಸೂರಿಗೆ ಹೋದಾಗ ಒಂದು ದೊಡ್ಡ ಅಂಗಡಿಯಲ್ಲಿ ಸೆಂಟು ಮಾರುವ ಹುಡುಗಿ ಕಾಗದದ ಪಟ್ಟಿಗೆ ಏನನ್ನೋ ಹಾಕಿ ನನ್ನ ಮೂಗಿಗೆ ಹಿಡಿದಳು. ಹಿತ್ತಲ ಜಗಲಿಯೇ ಎದುರಿಗೆ ಬಂದ ಹಾಗಾಯಿತು. ಇದು ಎಲ್ಲರಿಗೂ ಒಪ್ಪಲ್ಲ ಮೇಡಂ, ಹೊರಗೆ ಗಟ್ಟಿ ಒಳಗೆ ಬೆಚ್ಚಗಿರೋ ಪರ್ಸನಾಲಿಟಿಯವರಿಗೆ ಅಂದಳು. ಎಲ್ಲ ಸೀಸೆಗೂ ಅವಳು ಒಂದು ಮಾತು ಬಾಯಿಪಾಠ ಮಾಡಿರುತ್ತಾಳೆ, ಅದು ಗೊತ್ತು. ಆದರೂ ನಮ್ಮತ್ತೆಯನ್ನು ನೋಡಿಯೇ ಹೇಳಿದ ಹಾಗಿತ್ತು. ಹೊಗೆಯಿಲ್ಲದ ಸಾಂಬ್ರಾಣಿ ಸಿಕ್ಕಿತೆಂದು ಹಿಗ್ಗಿ ಕೊಂಡುಕೊಂಡೆ. ಆ ಹಿಗ್ಗಿನಲ್ಲಿ ಡಾಕ್ಟರ ಕೊನೆಯ ಮಾತು ಮರೆತೇ ಹೋಗಿತ್ತು.

ಅತ್ತೆ ಮುಚ್ಚಳ ತೆಗೆದು ಮೂಸಿದರು. ಬಹಳ ದಿನದ ಮೇಲೆ ಮುಖ ಅರಳಿತು. ಮೈಗೆ ಹಾಕಿಕೊಳ್ಳಿ ಅಂದರೆ, ಇಂಥ ಒಳ್ಳೇ ವಾಸನೆ ಮೊದಲು ದೇವರಿಗೆ ಆಗಬೇಡವೇ ಅಂತ ನನಗೇ ಬುದ್ಧಿ ಹೇಳಿದರು. ಕೈಕಾಲು ತೊಳೆದು, ಸೆರಗು ಹೊದ್ದು, ದೇವರ ಗೂಡಿನ ಮುಂದೆ ನಿಂತು ಸೀಸೆಯನ್ನು ಆರತಿ ಎತ್ತಿದ ಹಾಗೆ ಸುತ್ತಿಸುತ್ತಾ ಪುಸ್ ಪುಸ್ ಅಂತ ಹೊಡೆದರು. ಬೆರಳಿಗೆ ಹಿಡಿತ ಸಿಕ್ಕ ಮೇಲೆ ಪ್ರತಿಯೊಂದು ಪಟಕ್ಕೂ ಬೇರೆ ಬೇರೆ. ನಾನು ಬಾಗಿಲಿಗೆ ಒರಗಿ ನಗುತ್ತಿದ್ದೆ. ಮಗಳು ಅಜ್ಜಿಯ ಪಕ್ಕದಲ್ಲಿ ಕುಣಿಯುತ್ತಾ ಇನ್ನೂ ಇನ್ನೂ ಅನ್ನುತ್ತಿದ್ದಳು. ಹಾಗೆ ಅನ್ನುತ್ತಲೇ ಕೆಮ್ಮು ಬಂತು, ಕೆಮ್ಮು ನಿಲ್ಲಲಿಲ್ಲ. ಅವಳನ್ನು ಎತ್ತಿಕೊಂಡು ನಾನು ಬೀದಿಗೆ ಓಡಿದೆ. ಆಸ್ಪತ್ರೆಯಲ್ಲಿ ಮಲಗಿಸಿಕೊಂಡು ಮಾರನೇ ದಿನ ಕಳಿಸಿದರು.

ಸೆಂಟು ತಂದವಳು ನಾನು, ಮರೆತವಳು ನಾನು, ಬೈಯಿರಿ ಅತ್ತೆ ಅಂದೆ. ಅವರು ಬೈಯಲಿಲ್ಲ.

"ನನ್ನ ಕೈಗೆ ಏನು ಬಂದ್ರೂ ಮಗೀಗೆ ವಿಷ ಆಯ್ತದೆ," ಅಂತಷ್ಟೇ ಅಂದರು.

ಅಲ್ಲಿಂದ ಅವರು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳಲಿಲ್ಲ. ಇದ್ದಬದ್ದ ಸೀರೆಗಳನ್ನೆಲ್ಲ ಕುದಿನೀರಿಗೆ ಹಾಕಿ ಒಗೆದರು. ಟ್ರಂಕನ್ನು ಬಿಸಿಲಿಗೆ ಇಟ್ಟರು. ಸೀಗೆಪುಡಿ ತಿಕ್ಕಿ ತಿಕ್ಕಿ ತಲೆ ತೊಳೆದುಕೊಂಡರು. ಇಷ್ಟಾದರೂ ಮಗಳು ಹತ್ತಿರ ಬಂದರೆ ಕೈ ಅಡ್ಡ ಹಿಡಿದು, "ದೂರ ಇರವ್ವ, ನನ್ನ ಮೈಮ್ಯಾಲೆ ಆ ವಾಸ್ನೆ ಇನ್ನೂ ಐತೆ," ಅನ್ನುತ್ತಿದ್ದರು. ನನ್ನ ಮೂಗಿಗೆ ಏನೂ ಸಿಗುತ್ತಿರಲಿಲ್ಲ. ಹಾಗಂತ ಹೇಳಿದರೆ, ನಿನಗೆ ಅಭ್ಯಾಸ ಆಗೈತೆ ಬಿಡು ಅನ್ನುವರು. ಮಗಳು ಒಂದಷ್ಟು ದಿನ ಹಟ ಮಾಡಿದಳು. ಆಮೇಲೆ ಅವಳೇ ಮಾರು ದೂರದಲ್ಲಿ ಕೂತು ಅಜ್ಜಿಯ ಜೊತೆ ಮಾತಾಡುವುದನ್ನು ರೂಢಿ ಮಾಡಿಕೊಂಡಳು. ಮನೆಯಲ್ಲಿ ಶಾಂತಿ ಇತ್ತು, ಕಾಯಿಲೆ ಇರಲಿಲ್ಲ, ನಾನೂ ಸುಮ್ಮನಾದೆ.

ಹೋದ ವರ್ಷ ಅತ್ತೆಗೆ ಮೂತ್ರಪಿಂಡ ಕೈಕೊಟ್ಟು ಹಾಸನದ ಆಸ್ಪತ್ರೆ ಸೇರಿದರು. ವಾರಗಟ್ಟಲೆ ಮಲಗಿದ್ದ ಮೇಲೆ ಒಂದು ಮಧ್ಯಾಹ್ನ ನನ್ನನ್ನು ಬಗ್ಗು ಅಂತ ಸನ್ನೆ ಮಾಡಿದರು.

"ಮೂಸಿ ನೋಡವ್ವ, ಇನ್ನೂ ಐತಾ?"

ಬಗ್ಗಿ ಅವರ ಕುತ್ತಿಗೆಯ ಹತ್ತಿರ, ಕೂದಲ ಬುಡದಲ್ಲಿ ಮೂಸಿದೆ. ಔಷಧಿಯ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ. ಇಲ್ಲ ಅತ್ತೆ ಅಂದೆ. ಈ ಸಲ ನಂಬಿದರು.

"ಹಂಗಾರೆ ಮಗೀನ ಕಳ್ಸು."

ಮಗಳು ಅಷ್ಟು ಹೊತ್ತಿಗೆ ನನ್ನ ಭುಜದೆತ್ತರ. ಮಂಚದ ಪಕ್ಕ, ರೂಢಿಯಂತೆ ಸ್ವಲ್ಪ ದೂರದಲ್ಲೇ ನಿಂತಳು. ಅತ್ತೆ ಕೈ ಚಾಚಿ ಎಳೆದುಕೊಂಡಾಗ ಬಿದ್ದ ಹಾಗೆ ಅವರ ಪಕ್ಕಕ್ಕೆ ಒರಗಿ, ಮುಖವನ್ನು ಅವರ ಕುತ್ತಿಗೆಯಲ್ಲಿ ಹುದುಗಿಸಿದಳು. ಆಮೇಲೆ ಮೆಲ್ಲಗೆ ಕೇಳಿದಳು.

"ಅಜ್ಜಿ, ನಾನೇನು ತಪ್ಪು ಮಾಡಿದ್ದೆ ಅಂತ ನನ್ನ ದೂರ ಇಟ್ಟಿದ್ರಿ?"

ಒಂದೇ ಮನೆಯಲ್ಲಿ ಮೂರು ಜನ, ಒಬ್ಬೊಬ್ಬರೂ ತಪ್ಪು ತಮ್ಮದೇ ಅಂತ ಇಷ್ಟು ವರ್ಷ ಹೊತ್ತುಕೊಂಡು ಓಡಾಡಿದ್ದೆವು. ಅತ್ತೆಯ ಕಣ್ಣಿಂದ ನೀರು ಕಿವಿಯ ಕಡೆ ಇಳಿಯಿತು. ಅವಳ ತಲೆ ಸವರುತ್ತಾ, "ನೀನಲ್ಲ ಕಣವ್ವ, ನೀನಲ್ಲ, ನೀನಲ್ಲ," ಅಂತ ಅವಳು ತಲೆಯಾಡಿಸುವ ತನಕ ಹೇಳುತ್ತಲೇ ಇದ್ದರು. ಮಾರನೇ ದಿನ ಪ್ರಜ್ಞೆ ತಪ್ಪಿತು, ಮತ್ತೆ ಮಾತಾಡಲಿಲ್ಲ.

ನಿಮ್ಮಿಂದ ಅಲ್ಲ ಅನ್ನುವ ಆ ಮಾತನ್ನು ನಾನೂ ಅತ್ತೆಗೆ ಹೇಳಿದ್ದೆ. ಕೆಂಡ ಆರಿಸಿದ ದಿನ, ಒಂದೇ ಒಂದು ಸಲ.